ನೆಲಮಾಳಿಗೆಯ ಆಯುಷ್ಯ

1842ರಲ್ಲಿ ಎಡ್ವಿನ್ ಚಾಡ್ವಿಕ್ ಎಂಬ ಅಧಿಕಾರಿ ಬ್ರಿಟನ್ನಿನ ದುಡಿಯುವ ಜನರ ಆರೋಗ್ಯಸ್ಥಿತಿಯನ್ನು ಕುರಿತು ಒಂದು ವರದಿ ಪ್ರಕಟಿಸಿದ. ಅದರಲ್ಲೊಂದು ಪಟ್ಟಿಯಿದೆ. ಲಿವರ್‌ಪೂಲ್ ನಗರದಲ್ಲಿ ಸತ್ತವರ ಸರಾಸರಿ ವಯಸ್ಸು ಸಿರಿವಂತರಲ್ಲಿ 35, ವ್ಯಾಪಾರಿಗಳಲ್ಲಿ 22, ಕೂಲಿಕಾರರಲ್ಲಿ 15. ರಟ್‌ಲಂಡ್ ಎಂಬ ಹಳ್ಳಿನಾಡಿನ ಕೂಲಿಕಾರರಲ್ಲಾದರೋ ಅದು 38. ಹೊಲದಲ್ಲಿ ಗೇಯುವ ಬಡವರ ಲೆಕ್ಕ ಬಂದರುಪಟ್ಟಣದ ಧನಿಕರ ಲೆಕ್ಕಕ್ಕಿಂತ ಮೇಲಾಗಿತ್ತು! ಈ ಹದಿನೈದನ್ನು ಕಂಡು ಕೂಲಿಕಾರರೆಲ್ಲ ಮೀಸೆ ಮೂಡುವ ಮುನ್ನವೇ ಸಾಯುತ್ತಿದ್ದರೆಂದು ಭಾವಿಸಬಾರದು. ಎಳೆಯ ಮಕ್ಕಳ ಸಾವು ಸರಾಸರಿಯನ್ನು ಅಷ್ಟು ಕೆಳಕ್ಕೆ ಜಗ್ಗಿತ್ತು. ಹಾಗೆಂದು ತಿಳಿದ ಮಾತ್ರಕ್ಕೆ ನಮಗೆ ಸಮಾಧಾನವೇನೂ ಆಗುವುದಿಲ್ಲ.

ರೋಗ ಬಂದರೆ ವೈದ್ಯನ ಬಳಿಗೆ ಹೋಗುತ್ತೇವೆ. ಆದರೆ ರೋಗ ಮನೆಯ ಗೋಡೆಯಲ್ಲೇ ಇದ್ದರೆ ಯಾರ ಬಳಿಗೆ ಹೋಗಬೇಕು? ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ಲಿವರ್‌ಪೂಲಿನ ವೈದ್ಯ ವಿಲಿಯಂ ಹೆನ್ರಿ ಡಂಕನ್ ಒಬ್ಬ. ಬಡವರ ಔಷಧಾಲಯದಲ್ಲಿ ಕೆಲಸ ಮಾಡುತ್ತಿದ್ದ ಆತ ನಗರದ ನೆಲಮಾಳಿಗೆಗಳಿಗೆ ಇಳಿದು ನೋಡಿದ. ಕಿಟಕಿಯಿಲ್ಲದ, ನೆಲವೆಲ್ಲ ಒದ್ದೆಯಾದ ಆ ಕೋಣೆಗಳಲ್ಲಿ ಇಪ್ಪತ್ತು ಸಾವಿರ ಜನ ವಾಸವಾಗಿದ್ದರು. ಅದರ ಎರಡರಷ್ಟಕ್ಕೂ ಹೆಚ್ಚು ಮಂದಿ ಇಕ್ಕಟ್ಟಾದ ವಠಾರಗಳಲ್ಲಿ, ನಾಲ್ಕಾರು ಮನೆಗಳಿಗೊಂದು ಕಕ್ಕಸನ್ನು ಹಂಚಿಕೊಂಡು ದಿನ ನೂಕುತ್ತಿದ್ದರು. 1843ರಲ್ಲಿ ಡಂಕನ್ ಇದನ್ನೆಲ್ಲ ಉಪನ್ಯಾಸ ರೂಪದಲ್ಲಿ ನಗರದ ಮುಂದಿಟ್ಟ. 1846ರಲ್ಲಿ ಲಿವರ್‌ಪೂಲಿಗೆಂದೇ ನೈರ್ಮಲ್ಯದ ಕಾನೂನು ಬಂತು. 1847ರ ಜನವರಿ 1ರಿಂದ ಡಂಕನ್ ಆ ನಗರದ ಆರೋಗ್ಯಾಧಿಕಾರಿಯಾದ. ಬ್ರಿಟನ್ನಿನಲ್ಲಿ ಅಂಥ ಹುದ್ದೆ ಅದೇ ಮೊದಲು. ಅವನೊಡನೆ ಜೇಮ್ಸ್ ನ್ಯೂಲಂಡ್ಸ್ ಎಂಬ ಎಂಜಿನಿಯರನೂ, ಥಾಮಸ್ ಫ್ರೆಶ್ ಎಂಬ ನೈರ್ಮಲ್ಯ ನಿರೀಕ್ಷಕನೂ ನೇಮಕಗೊಂಡರು. ವೈದ್ಯ, ಚರಂಡಿ ಕಟ್ಟುವವ, ಮನೆಮನೆಗೆ ಹೋಗಿ ನೋಡುವವ, ಈ ಮೂವರನ್ನು ಒಂದೇ ಕೆಲಸಕ್ಕೆ ಹಚ್ಚಿದ್ದರಲ್ಲೇ ಆ ಪುರಸಭೆಯ ಜಾಣತನವಿದೆಯೆಂದು ನನಗೆ ತೋರುತ್ತದೆ.

ಆದರೆ ಅಧಿಕಾರ ವಹಿಸಿಕೊಂಡ ವರ್ಷವೇ ಪರೀಕ್ಷೆ ಎದುರಾಯಿತು. ಬರಗಾಲದಿಂದ ಬೆಂದ ಐರ್ಲಂಡಿನಿಂದ 1847ರಲ್ಲಿ ಸುಮಾರು ಮೂರು ಲಕ್ಷ ಜನ ಈ ಬಂದರಿನಲ್ಲಿ ಬಂದಿಳಿದರು. ಹಲವರು ಮುಂದೆ ಅಮೆರಿಕೆಗೆ ಹೊರಟುಹೋದರು. ಕೈಯಲ್ಲಿ ಕಾಸಿಲ್ಲದವರು ನೆಲಮಾಳಿಗೆಗಳನ್ನು ಸೇರಿದರು. ಟೈಫಸ್ ಜ್ವರ ಹಬ್ಬಿತು. ರೋಗಿಗಳ ಬಳಿಗೆ ಹೋದ ಹತ್ತು ಮಂದಿ ಕ್ಯಾಥೊಲಿಕ್ ಪಾದ್ರಿಗಳೂ ಅದಕ್ಕೆ ಬಲಿಯಾದರು. ಪುರಸಭೆ ನೆಲಮಾಳಿಗೆಗಳನ್ನು ಖಾಲಿ ಮಾಡಿಸತೊಡಗಿತು. ಖಾಲಿ ಮಾಡಿದವರು ಹೋಗುವುದೆಲ್ಲಿಗೆ? ಪಕ್ಕದ ವಠಾರಕ್ಕೆ, ಆಗಲೇ ತುಂಬಿತುಳುಕುತ್ತಿದ್ದ ಕೋಣೆಗಳಿಗೆ. ಕಾನೂನಿಗೆ ಬಾಗಿಲಿಗೆ ಬೀಗ ಹಾಕುವ ಶಕ್ತಿಯಿತ್ತು, ಇನ್ನೊಂದು ಬಾಗಿಲು ತೆರೆಯುವ ಶಕ್ತಿಯಿರಲಿಲ್ಲ. 1849ರ ಕಾಲರಾದಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಪುರಸಭೆ ತಾನೇ ಬಾಡಿಗೆಗೆ ಮನೆ ಕಟ್ಟಿಕೊಟ್ಟದ್ದು 1869ರಲ್ಲಿ, ಸೇಂಟ್ ಮಾರ್ಟಿನ್ಸ್ ಕಾಟೇಜಸ್ ಎಂಬಲ್ಲಿ. ಅಷ್ಟರಲ್ಲಿ ಡಂಕನ್ ತೀರಿಕೊಂಡು ಆರು ವರ್ಷ ಕಳೆದಿತ್ತು.

ಅವನನ್ನು ದೇವತೆಯನ್ನಾಗಿ ಮಾಡಬೇಕಾಗಿಲ್ಲ. ಐರಿಷ್ ಜನ ಕೊಳಕಿನಲ್ಲೇ ತೃಪ್ತರೆಂಬ ತಾತ್ಸಾರ ಅವನ ಬರಹದಲ್ಲೂ ಇಣುಕುತ್ತದೆ. ಆದರೆ ಅದೇ ನಗರದಲ್ಲಿ ಕಿಟ್ಟಿ ವಿಲ್ಕಿನ್‌ಸನ್ ಎಂಬಾಕೆ ಇದ್ದಳು, ಐರ್ಲಂಡಿನಲ್ಲಿ ಹುಟ್ಟಿದ ಬಡ ಹೆಂಗಸು. 1832ರ ಕಾಲರಾದಲ್ಲಿ ತನ್ನ ಮನೆಯ ಬಿಸಿನೀರಿನ ಹಂಡೆಯನ್ನು ನೆರೆಹೊರೆಯವರ ಬಟ್ಟೆ ಒಗೆಯಲು ಬಿಟ್ಟುಕೊಟ್ಟಳು. ಕುದಿಯುವ ನೀರು ಸಿಕ್ಕಿದರೆ ಬಡವರು ಕೊಳಕನ್ನು ತೊಳೆಯುತ್ತಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. 1842ರಲ್ಲಿ ಫ್ರೆಡರಿಕ್ ಸ್ಟ್ರೀಟಿನಲ್ಲಿ ಸಾರ್ವಜನಿಕ ಒಗೆತದ ಮನೆ ತೆರೆಯಿತು. ಮುಂದೆ ಆಕೆಯೂ ಗಂಡನೂ ಅದರ ಮೇಲ್ವಿಚಾರಕರಾದರು.

ಆಮೇಲಿನ ಕಥೆಯನ್ನು ಬೇಗ ಹೇಳಿಬಿಡಬಹುದು. ಆರೋಗ್ಯಾಧಿಕಾರಿಯ ಹುದ್ದೆ 1872ರ ಕಾನೂನಿನಿಂದ ಇಂಗ್ಲೆಂಡಿನ ಎಲ್ಲೆಡೆ ಕಡ್ಡಾಯವಾಯಿತು, 1974ರಲ್ಲಿ ರದ್ದಾಯಿತು. ಸಾರ್ವಜನಿಕ ಆರೋಗ್ಯದ ಹೊಣೆ ನಗರಾಡಳಿತಗಳ ಕೈಯಿಂದ ತಪ್ಪಿ ರಾಷ್ಟ್ರೀಯ ಆರೋಗ್ಯ ಸೇವೆಗೆ ಹೋಯಿತು. ಮತ್ತೆ ನಗರಾಡಳಿತಗಳಿಗೆ ಮರಳಿದ್ದು 2013ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 2010ರಲ್ಲಿ, ಮೈಕೆಲ್ ಮಾರ್ಮಟ್ ನೇತೃತ್ವದ ಪರಿಶೀಲನೆ ಚಾಡ್ವಿಕ್ಕನ ಪಟ್ಟಿಯ ಪ್ರಶ್ನೆಯನ್ನೇ ಪುನಃ ಎತ್ತಿತ್ತು: ಬಡ ಬೀದಿಯವರ ಆಯುಷ್ಯ ಸಿರಿವಂತ ಬೀದಿಯವರಿಗಿಂತ ಈಗಲೂ ಏಕೆ ಕಡಿಮೆ?

ಲಿವರ್‌ಪೂಲ್ ಮತ್ತೆ ಮನೆಗಳ ಕದ ತಟ್ಟಿತು. 2009ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಕಾರ್ಯಕರ್ತರು ಬಾಡಿಗೆಮನೆಗಳಿಗೆ ಹೋಗಿ, ಗೋಡೆಯ ತೇವವನ್ನೂ ಚಳಿಯನ್ನೂ ಜಾರುವ ಮೆಟ್ಟಿಲನ್ನೂ ಗುರುತು ಹಾಕಿಕೊಳ್ಳುತ್ತಿದ್ದರು. ವೈದ್ಯರ ಬಳಿ ಹೆಸರು ನೋಂದಾಯಿಸದವರನ್ನು ನೋಂದಾಯಿಸಲು ನೆರವಾಗುತ್ತಿದ್ದರು. 2015ರಲ್ಲಿ ನಗರದ ಖಾಸಗಿ ಮನೆಮಾಲೀಕರೆಲ್ಲ ಪರವಾನಗಿ ಪಡೆಯಬೇಕೆಂಬ ನಿಯಮವಾಯಿತು. ಅವಧಿ ಮುಗಿದಾಗ, 2020ರಲ್ಲಿ, ಕೇಂದ್ರ ಸರ್ಕಾರ ಅದನ್ನು ಮುಂದುವರಿಸಲು ಒಪ್ಪಲಿಲ್ಲ. 2022ರಲ್ಲಿ ನಗರದ ಕೆಲವು ವಾರ್ಡುಗಳಿಗೆ ಮಾತ್ರ ಅದು ಮತ್ತೆ ಜಾರಿಗೆ ಬಂತು.