ಒಂದು ಮಂಗಳವಾರ, ನಾಲ್ಕು ಹಬ್ಬ

ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕ್ಯಾಲೆಂಡರ್ ಇವೆ. ಒಂದು ಕನ್ನಡದ್ದು, ನಾನು ತರುವುದು. ಇನ್ನೊಂದು ಮರಾಠಿಯದು, ನನ್ನ ಹೆಂಡತಿಯ ತವರೂರು ಕಾಗಲದಿಂದ ಪ್ರತಿ ವರ್ಷ ತಪ್ಪದೆ ಬರುವುದು. ಬೇಡಕಿಹಾಳದಲ್ಲಿ ಇದು ವಿಶೇಷವೇನಲ್ಲ. ನಮ್ಮದು ಗಡಿಯ ಊರು. ಕನ್ನಡದಲ್ಲಿ ದರ ಕೇಳಿ ಮರಾಠಿಯಲ್ಲಿ ಚೌಕಾಶಿ ಮಾಡುವವರು ನಾವು. ಹೆಣ್ಣು ಕೊಡುವುದು, ತರುವುದು ಎರಡೂ ಗಡಿ ದಾಟಿಯೇ ನಡೆಯುತ್ತದೆ.

2022ರ ಏಪ್ರಿಲ್ ಕೊನೆಯ ದಿನಗಳು. ಆಗ ಐದನೇ ತರಗತಿ ಮುಗಿಸಿದ್ದ ಮೊಮ್ಮಗಳು ಎರಡೂ ಕ್ಯಾಲೆಂಡರಿನ ಮೇ ತಿಂಗಳ ಹಾಳೆ ತಿರುವಿ ಹಾಕಿ ಕೂಗಿದಳು: "ಅಜ್ಜಾ, ಮೋಸ ಆಗೇತಿ! ಒಂದ ದಿನಕ್ಕ ನಾಕ ಹಬ್ಬ ಬಂದಾವ. ಅದೂ ಬ್ಯಾಸಗಿ ಸೂಟ್ಯಾಗ. ಒಂದೂ ಸೂಟಿ ಸಿಗಂಗಿಲ್ಲ!"

ಹೋಗಿ ನೋಡಿದೆ. ಮೇ 3, ಮಂಗಳವಾರ. ಕನ್ನಡ ಕ್ಯಾಲೆಂಡರಿನಲ್ಲಿ ಬಸವ ಜಯಂತಿ, ಅಕ್ಷಯ ತೃತೀಯಾ, ರಂಜಾನ್. ಮರಾಠಿಯದರಲ್ಲಿ ಇವುಗಳ ಜೊತೆಗೆ ಪರಶುರಾಮ ಜಯಂತಿ. ಹಿಂದಿನ ದಿನವಾದ ವೈಶಾಖ ಶುದ್ಧ ಬಿದಿಗೆ ನಮ್ಮ ಬೆಳಗಾವಿಯವರು ಶಿವಾಜಿ ಜಯಂತಿ ಆಚರಿಸುವ ದಿನ.

ಒಂದೊಂದಕ್ಕೂ ಅದರದ್ದೇ ಕಥೆಯಿದೆ, ಮಕ್ಕಳೇ. ಲಿಂಗಾಯತರಿಗೆ ಅದು ಬಸವಣ್ಣನವರು ಹುಟ್ಟಿದ ದಿನ. ಇದನ್ನು ಊರೆಲ್ಲ ಸೇರಿ ಆಚರಿಸುವ ರೂಢಿ ನೀವು ತಿಳಿದಷ್ಟು ಹಳೆಯದಲ್ಲ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರ ಮುಂದಾಳತ್ವದಲ್ಲಿ ಅದು ಶುರುವಾಯಿತು. ಮಂಜಪ್ಪನವರು ಲೋಕಮಾನ್ಯ ತಿಲಕರ ಪ್ರಭಾವಕ್ಕೆ ಒಳಗಾಗಿದ್ದವರು. ಗಣಪತಿಯನ್ನೂ ಶಿವಾಜಿಯನ್ನೂ ಮನೆಯಿಂದ ಬೀದಿಗೆ ತಂದವರು ತಿಲಕರು.

ನಮ್ಮ ಭಾಗದಲ್ಲಿ ಜೈನ ಮನೆತನಗಳು ಬಹಳ. ಪಕ್ಕದ ಭೋಜವೇ ಆಚಾರ್ಯ ಶಾಂತಿಸಾಗರ ಮಹಾರಾಜರು ಬೆಳೆದ ಊರು. ಅವರಿಗೆ ಅಕ್ಷಯ ತೃತೀಯಾ ಎಂದರೆ ದೀರ್ಘ ಉಪವಾಸದಲ್ಲಿದ್ದ ಆದಿನಾಥರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜ ಕಬ್ಬಿನ ಹಾಲು ಕೊಟ್ಟ ದಿನ. ಕಬ್ಬೇ ಬದುಕಾಗಿರುವ ನಮ್ಮ ಸೀಮೆಗೆ ಇದಕ್ಕಿಂತ ಹೊಂದುವ ಹಬ್ಬ ಇನ್ನೊಂದಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇನ್ನು ಶಿವಾಜಿ ಜಯಂತಿ. ಅದು ನಮ್ಮ ಮನೆಯೊಳಗಿನ ಜಗಳ. ಮಹಾರಾಜರು ಹುಟ್ಟಿದ್ದು 1627ರ ಏಪ್ರಿಲ್ 6 ಎಂದು ಒಂದು ಲೆಕ್ಕ, 1630ರ ಫೆಬ್ರುವರಿ 19 ಎಂದು ಇನ್ನೊಂದು. ಮಹಾರಾಷ್ಟ್ರ ಸರ್ಕಾರ ಎರಡನೆಯದನ್ನು ಒಪ್ಪಿದೆ. ಬೆಳಗಾವಿಯವರು ಹಳೆಯ ವೈಶಾಖದ ತಿಥಿ ಬಿಟ್ಟಿಲ್ಲ. ಇಚಲಕರಂಜಿಯ ಪವರ್‌ಲೂಮಿನಲ್ಲಿ ಕೆಲಸ ಮಾಡುವ ನನ್ನ ಮಗ ಫೆಬ್ರುವರಿಯಲ್ಲಿ ಫೋಟೋಕ್ಕೆ ಹಾರ ಹಾಕುತ್ತಾನೆ. ಮಹಾರಾಷ್ಟ್ರದಲ್ಲೇ ಹುಟ್ಟಿದ ಅವನ ತಾಯಿ ಮಾತ್ರ ವೈಶಾಖದಲ್ಲೇ ಹಾಕುತ್ತಾಳೆ. ಲಿಂಗಾಯತ ಬೇರೆ ಧರ್ಮವೋ ಅಲ್ಲವೋ ಎಂಬ ವಾದ 2018ರಲ್ಲಿ ಜೋರಾಗಿತ್ತಲ್ಲ, ಆ ವಿಷಯದಲ್ಲಿ ನನಗೂ ನನ್ನ ತಮ್ಮನಿಗೂ ಇವತ್ತಿಗೂ ಹೊಂದಿಲ್ಲ. ಒಂದೇ ಮನೆಯ ಸ್ಥಿತಿ ಇದು.

ಹಿಂದಿನ ವರ್ಷ, 2021ರಲ್ಲಿ, ಬಸವ ಜಯಂತಿ ಮತ್ತು ರಂಜಾನ್ ಹೀಗೆಯೇ ಮೇ 14ಕ್ಕೆ ಒಟ್ಟಿಗೆ ಬಂದಿದ್ದವು. ಆಗ ಕೊರೊನಾ, ಲಾಕ್‌ಡೌನ್. ಎಲ್ಲರೂ ಮನೆಯೊಳಗೆ ಇದ್ದುದರಿಂದ ಯಾರಿಗೂ ಯಾರೂ ಅಡ್ಡ ಬರಲಿಲ್ಲ. 2022ರಲ್ಲಿ ಹಾಗಿರಲಿಲ್ಲ. ಎರಡು ವರ್ಷ ತಡೆದುಕೊಂಡಿದ್ದ ಉತ್ಸಾಹ ಎಲ್ಲರಲ್ಲೂ ಇತ್ತು. ಸಾಲದ್ದಕ್ಕೆ ಮಸೀದಿಗಳ ಧ್ವನಿವರ್ಧಕ ಇಳಿಸಬೇಕೆಂದು ಮಹಾರಾಷ್ಟ್ರದಲ್ಲಿ ಅದೇ ಮೇ 3ರ ಗಡುವು ಬೇರೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಓಡುವುದು ಮರಾಠಿ ಚಾನೆಲ್. ನಮ್ಮೂರಿನಲ್ಲಿ ಇಲ್ಲದ ಗದ್ದಲ ದಿನವಿಡೀ ಪಡಸಾಲೆಯಲ್ಲಿ ಕೇಳಿಸುತ್ತಿತ್ತು.

ನಮ್ಮ ಓಣಿಯ ಹುಡುಗರು ಮಂಗಳವಾರ ಮುಂಜಾನೆಯೇ ಮೆರವಣಿಗೆ ತೆಗೆಯುವ ಮಾತಾಡುತ್ತಿದ್ದರು. ಈದ್ ನಮಾಜಿಗೆ ಹೋಗುವವರ ದಾರಿಯೂ ಅದೇ. ಇಬ್ಬರು ಹಿರಿಯರು ಕೂತು ಮಾತಾಡಿ ಮೆರವಣಿಗೆಯನ್ನು ಸಂಜೆಗೆ ಇಟ್ಟರು. ಹತ್ತು ನಿಮಿಷದ ಕೆಲಸ. ಅಲ್ಲಿಗೆ ಅದು ಮುಗಿಯಿತು. ಮುಗಿಯದೆ ಉಳಿದದ್ದು ನಾನಾಡಿದ ಮಾತು.

ನನ್ನ ಹಳೆಯ ಗೆಳೆಯ ಒಬ್ಬ ಟೇಲರ್. ನಾನು ಶಾಲೆ ಮಾಸ್ತರನಾಗಿ ಸೇರಿದಾಗ ತೊಟ್ಟ ಮೊದಲ ಪ್ಯಾಂಟ್ ಅವನು ಹೊಲಿದದ್ದು. ಮೊಮ್ಮಗಳ ಯೂನಿಫಾರ್ಮೂ ಅವನದೇ. ಅವಳ ಬಾಯಲ್ಲಿ ಅವನು 'ಟೇಲರ್ ಅಜ್ಜ'. ಮೇ 2ರ ಮಧ್ಯಾಹ್ನ ಅವನ ಅಂಗಡಿಯ ಬಾಕಿನ ಮೇಲೆ ಕೂತಿದ್ದೆ. ದುಬೈಯಲ್ಲಿರುವ ಮಗನ ಫೋನ್ ಬಂದಿತ್ತು. ಅಲ್ಲಿ ಅವತ್ತೇ ಈದ್. ಮಗ ಹೊಸ ಅಂಗಿ ತೊಟ್ಟ ಫೋಟೋವನ್ನು ಅವನು ಖುಷಿಯಿಂದ ತೋರಿಸಿದ. ನಾನು ಅಂದೆ:

"ಮಗ ಇವತ್ತ ಮಾಡ್ಯಾನಂದ್ರ ನೀನೂ ಇವತ್ತ ಮಾಡಿ ಮುಗಿಸಬೇಕಿತ್ತು. ನಾಳೆ ಒಂದ ದಿನ ನಮಗ ಬಿಡಬಹುದಿತ್ತಲ್ಲ?"

ಹಾಸ್ಯಕ್ಕೆಂದು ಅಂದೆನೇ? ಅವತ್ತು ಹಾಗೇ ಹೇಳಿಕೊಂಡೆ. ಮೂರು ದಿನ ಟಿವಿ ನೋಡಿದ್ದರ ಕಾರವೂ ಅದರಲ್ಲಿತ್ತು ಎಂದು ಈಗ ಗೊತ್ತಾಗುತ್ತದೆ.

ಅವನು ಮಷಿನ್ ನಿಲ್ಲಿಸಿದ. "ಚಂದ್ರನ್ನ ನಮ್ಮೂರ ಮುಗಲಾಗ ನೋಡಬೇಕ್ರಿ ಮಾಸ್ತರ, ಫೋನ್‌ನ್ಯಾಗ ಅಲ್ಲ. ನೀವು ಮೊದಲ ನಿಮ್ಮ ಮನ್ಯಾಗ ಶಿವಾಜಿ ಮಹಾರಾಜರ ಜಯಂತಿ ಯಾವತ್ತಂತ ಠರಾವ್ ಮಾಡ್ರಿ. ಆಮ್ಯಾಲ ನಮ್ಮ ಹಬ್ಬದ ತಾರೀಖ ಬರದ ಕೊಡಾಕ ಬರ್ರಿ."

ನಾನು ಎದ್ದು ಬಂದೆ.

ಅವತ್ತು ಸಂಜೆ ಮೊಮ್ಮಗಳು ನನ್ನನ್ನು ಮಾಳಿಗೆಗೆ ಎಳೆದುಕೊಂಡು ಹೋದಳು. ಪಡುವಣದಲ್ಲಿ ಉಗುರು ಕತ್ತರಿಸಿ ಎಸೆದಂತೆ ಸಣ್ಣ ಚಂದ್ರ. ನನ್ನ ಹೆಂಡತಿ ಬಿದಿಗೆ ಚಂದ್ರನಿಗೆ ಕೈಮುಗಿದಳು. ಅದೇ ಹೊತ್ತಿಗೆ ಆಚೆಯ ಓಣಿಯ ಮಾಳಿಗೆಗಳಿಂದ "ಚಾಂದ್ ಮುಬಾರಕ್" ಎಂಬ ಕೂಗು, ಒಂದೆರಡು ಪಟಾಕಿ. "ಅಜ್ಜಾ, ಎರಡೂ ಒಂದ ಚಂದ್ರ ಏನು?" ಎಂದಳು ಮೊಮ್ಮಗಳು. ಹೌದು, ಒಂದೇ.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅಮಾವಾಸ್ಯೆಯ ಮರುದಿನ ಪಾಡ್ಯ, ಅದರ ಮರುದಿನ ಬಿದಿಗೆ. ಪಾಡ್ಯದ ದಿನ ಚಂದ್ರ ಕಣ್ಣಿಗೆ ಬೀಳುವುದು ಕಷ್ಟ. ಹೆಚ್ಚಾಗಿ ಕಾಣುವುದು ಬಿದಿಗೆಯ ಸಂಜೆ. ಮುಸ್ಲಿಮರಿಗೆ ಚಂದ್ರ ಕಂಡ ಸಂಜೆಯಿಂದ ಹೊಸ ತಿಂಗಳು. ಹಾಗಾಗಿ ಅವರ ಒಂದನೇ ದಿನ ನಮ್ಮ ತದಿಗೆಯ ಆಸುಪಾಸಿಗೆ ಬೀಳುತ್ತದೆ. ಅವರ ಹತ್ತು ನಮ್ಮ ಏಕಾದಶಿಯ ಆಸುಪಾಸಿಗೆ.

ಹಾಗಾದರೆ ಪ್ರತಿ ವರ್ಷ ಯಾಕೆ ಕೂಡುವುದಿಲ್ಲ? ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹಿಜರಿ ವರ್ಷ ಆ ಕೊರತೆಯನ್ನು ತುಂಬಿಕೊಳ್ಳುವುದಿಲ್ಲ. ಅದಕ್ಕೇ ರಂಜಾನ್ ವರ್ಷಕ್ಕೆ 11 ದಿನ ಹಿಂದೆ ಸರಿಯುತ್ತ ಸುಮಾರು 33 ವರ್ಷದಲ್ಲಿ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ನಮ್ಮ ಟೇಲರ್ ಚಳಿಯ ರೋಜಾವನ್ನೂ ಮಾಡಿದ್ದಾನೆ, ಬಿರುಬೇಸಗೆಯ ರೋಜಾವನ್ನೂ ಮಾಡಿದ್ದಾನೆ. ನಮ್ಮ ಪಂಚಾಂಗ ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಕೊರತೆ ತುಂಬಿಕೊಳ್ಳುತ್ತದೆ. ಎರಡು ಅಧಿಕ ಮಾಸಗಳ ನಡುವೆ ಎರಡೂ ಲೆಕ್ಕ ಜೊತೆಯಾಗಿ ನಡೆಯುತ್ತವೆ. ಯಾವ ಎರಡು ಹಬ್ಬಗಳು ಒಮ್ಮೆ ಗಂಟು ಬಿದ್ದವೋ ಅವು ಎರಡು ಮೂರು ವರ್ಷ ಬಿಡಿಸಿಕೊಳ್ಳುವುದಿಲ್ಲ.

ಮಂಗಳವಾರ ನಮ್ಮ ಮನೆಯಲ್ಲಿ ಹೋಳಿಗೆ. ಎಂದಿನಂತೆ ಡಬ್ಬಿಯಲ್ಲಿ ಆರು ಹೋಳಿಗೆ ಹಾಕಿ ಮೊಮ್ಮಗಳ ಕೈಯಲ್ಲಿ ಟೇಲರ್ ಮನೆಗೆ ಕಳಿಸಿದರು. ಪ್ರತಿ ರಂಜಾನಿಗೂ ಅವರ ಮನೆಯಿಂದ ಸುರಕುಂಬಾ ಬರುವುದು ರೂಢಿ. ಅವತ್ತು ಡಬ್ಬಿ ಖಾಲಿ ಬಂತು, ತೊಳೆದು ಒರೆಸಿ. ನಮ್ಮ ಕಡೆ ಡಬ್ಬಿ ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತಾರೆ. ಹೆಂಡತಿ ನನ್ನ ಮುಖ ನೋಡಿದಳು. "ಏನಂದ್ರಿ ಅವರಿಗೆ?" ಎಂದು ಕೇಳಿದಳು. ನಾನು ಪೇಪರ್ ಓದುತ್ತ ಕೂತೆ.

ಶಾಲೆ ಶುರುವಾಯಿತು. ಯೂನಿಫಾರ್ಮ್ ಬಟ್ಟೆಯನ್ನು ಮೊಮ್ಮಗಳ ಕೈಯಲ್ಲೇ ಕಳಿಸಿದೆ. ಅಳತೆ ಸರಿಯಾಗಿತ್ತು, ಹೊಲಿಗೆ ಚೆನ್ನಾಗಿತ್ತು. ಜೊತೆಗೆ ಕೂಲಿಯ ಚೀಟಿ ಬಂದಿತ್ತು. ಇಷ್ಟು ವರ್ಷದಲ್ಲಿ ಅವನಿಂದ ನನಗೆ ಚೀಟಿ ಬಂದದ್ದು ಅದೇ ಮೊದಲು. ಎದುರಿಗೆ ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಜುಲೈ ಬಂತು. ಆ ವರ್ಷ ಆಷಾಢಿ ಏಕಾದಶಿಯೂ ಬಕ್ರೀದೂ ಜುಲೈ 10ರ ರವಿವಾರ ಒಂದೇ ದಿನ. ಮೇಲೆ ಹೇಳಿದ ಲೆಕ್ಕ ನೆನಪಿದೆಯಲ್ಲ? ಬಕ್ರೀದ್ ಅವರ ತಿಂಗಳ ಹತ್ತನೇ ದಿನ. ನನ್ನ ಹೆಂಡತಿಯ ತವರಿನವರು ವಾರಕರಿಗಳು, ವಿಠ್ಠಲನ ಭಕ್ತರು. ಆಷಾಢಿಗೆ ಆಕೆಯದು ನಿಟ್ಟುಪವಾಸ. ಈ ಸಲ ನಾನು ಬಾಯಿ ಬಿಡಬಾರದೆಂದು ನಿರ್ಧರಿಸಿದ್ದೆ.

ಶನಿವಾರ ಸಂಜೆ ಟೇಲರ್ ಬಂದ. ಎರಡು ತಿಂಗಳ ಮೇಲೆ. ನನ್ನ ಕಡೆ ನೋಡದೆ ಹೊಸ್ತಿಲಲ್ಲೇ ನಿಂತು ಹೆಂಡತಿಗೆ ಹೇಳಿದ: "ವೈನಿ, ನಾಳೆ ನಿಮ್ಮ ಏಕಾದಶಿ. ನಮಾಜ್ ನಾಳೆನ ಆಗತೈತಿ, ಅದನ್ನ ಸರಸಾಕ ಬರಂಗಿಲ್ಲ. ಖುರ್ಬಾನಿಗೆ ಮೂರ ದಿನ ಅವಕಾಶ ಐತಿ. ನಮ್ಮ ಮನ್ಯಾಗ ಸೋಮವಾರ ಇಟ್ಟೀವಿ."

ನನಗೆ ತಡೆಯಲಾಗಲಿಲ್ಲ. "ಅವತ್ತ ನಾ ಕೇಳಿದಾಗ ಸಿಟ್ಟಾದಿ. ಇವತ್ತ ನೀನಾಗೇ ಸರಸಿ?"

"ಅವತ್ತ ನೀವು ಕೇಳಲಿಲ್ಲ ಮಾಸ್ತರ, ಬಿಡು ಅಂದ್ರಿ. ದಿನಾ ನಿಮ್ಮದು, ನಾ ಬಿಟ್ಟ ಕೊಡಬೇಕು ಅನ್ನೂವಂಗ. ಇದು ವೈನಿ ಉಪವಾಸಕ್ಕ ನಾ ಮಾಡಿದ್ದು. ನೀವು ಹೇಳಿದ್ರ ಮಾಡ್ತಿರಲಿಲ್ಲ."

"ತಪ್ಪಾತು" ಎಂದೆ. ಅವನು ಪರವಾಗಿಲ್ಲ ಎನ್ನಲಿಲ್ಲ. ಒಳಗೆ ಬಂದು ಕೂತ. ಸ್ವಲ್ಪ ಹೊತ್ತಾದ ಮೇಲೆ, "ಜಯಂತಿ ಯಾವತ್ತಂತ ಠರಾವ್ ಆತೇನು?" ಎಂದ. ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು: "ಎರಡೂ ದಿನ ಹಾರ ಹಾಕ್ತೀವಿ ನಾವು, ನಿಮಗೇನು ತ್ರಾಸ?"

ಮರುವರ್ಷ, 2023ರಲ್ಲಿ, ರಂಜಾನ್ ಏಪ್ರಿಲ್ 22ಕ್ಕೆ, ಬಸವ ಜಯಂತಿ 23ಕ್ಕೆ ಬಂದವು. ಆಷಾಢಿ ಮತ್ತು ಬಕ್ರೀದ್ ಮತ್ತೆ ಒಂದೇ ದಿನ, ಜೂನ್ 29. ಮಹಾರಾಷ್ಟ್ರದ ಹಲವು ಊರುಗಳಲ್ಲಿ ಮುಸ್ಲಿಮರು ಅವತ್ತು ಖುರ್ಬಾನಿ ಮಾಡದಿರಲು ತಾವೇ ತೀರ್ಮಾನಿಸಿದರೆಂದು ಪತ್ರಿಕೆಗಳು ಮೆಚ್ಚಿ ಬರೆದವು. ಓದಿ ನನಗೂ ಸಂತೋಷವಾಯಿತು. ಮೊಮ್ಮಗಳು ಮಾತ್ರ ಕೇಳಿದಳು: "ಪ್ರತಿ ಸಲ ಅವರ ಸರಸಬೇಕೇನ? ನಮ್ಮದರಾಗ ಸರಸಾಕ ಬರೂದು ಏನೂ ಇಲ್ಲೇನ?" ಹಿರಿಯರು ಮೆಚ್ಚುವ ಸುದ್ದಿಯಲ್ಲಿ ಮಕ್ಕಳಿಗೆ ಇಂಥದ್ದು ಕಾಣುತ್ತದೆ. ಸರಿಸಲು ಬರುವುದು ನಮ್ಮಲ್ಲೂ ಇತ್ತು. ಆ ಏಪ್ರಿಲ್‌ನಲ್ಲಿ ಅವಳ ಅಜ್ಜಿ ರವಿವಾರದ ಹೋಳಿಗೆಯನ್ನು ಶನಿವಾರವೇ ಮಾಡಿದ್ದಳು. ಈದ್ ದಿನ ಹೋದ ಡಬ್ಬಿಯಲ್ಲಿ ಸುರಕುಂಬಾ ತುಂಬಿ ಬಂದಿತ್ತು. ಆದರೂ ಒಂದು ಹೋಳಿಗೆಯನ್ನು ಒಂದು ದಿನ ಸರಿಸುವುದೂ ಇದೂ ಒಂದೇ ತೂಕದ್ದಲ್ಲ ಎಂದು ನನಗೆ ಗೊತ್ತು.

ಆ ವರ್ಷ ಅಧಿಕ ಶ್ರಾವಣ ಬಂತು. ಮುಂದಿನ ವರ್ಷದ ಲೆಕ್ಕ ಹಾಕಿ ಟೇಲರನಿಗೆ ತೋರಿಸಿದೆ: 2024ರಲ್ಲಿ ರಂಜಾನ್ ಏಪ್ರಿಲ್‌ನಲ್ಲಿ, ಬಸವ ಜಯಂತಿ ಮೇ ತಿಂಗಳಲ್ಲಿ, ನಡುವೆ ಒಂದು ತಿಂಗಳ ಅಂತರ. ಮತ್ತೆ ಇವೆರಡು ಒಂದೇ ದಿನಕ್ಕೆ ಕೂಡುವಷ್ಟರಲ್ಲಿ ಮೂವತ್ತು ವರ್ಷ ಕಳೆಯುತ್ತವೆ.

"ಹಂಗಾದ್ರ ಇನ್ನ ಮೂವತ್ತ ವರ್ಷ ನಮ್ಮ ಜಗಳಕ್ಕ ಸೂಟಿ" ಎಂದು ಅವನು ನಕ್ಕ.

ಮೊಮ್ಮಗಳು ಆಗಲೇ ಕ್ಯಾಲೆಂಡರಿನ ಹಾಳೆ ಎತ್ತಿ ಹಿಡಿದಿದ್ದಳು. "ಇಲ್ಲ ಟೇಲರ್ ಅಜ್ಜಾ, ಇಲ್ಲಿ ನೋಡು. ಸೆಪ್ಟೆಂಬರ್ 28. ಗಣಪತಿ ಕಳಸೂದೂ ಅವತ್ತ, ನಿಮ್ಮ ಈದ್ ಮಿಲಾದೂ ಅವತ್ತ."

ಅವನು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದ. ನಾನೂ ನೋಡಿದೆ. ಮರಾಠಿ ಕ್ಯಾಲೆಂಡರಿನಲ್ಲೂ ಹಾಗೇ ಇತ್ತು.

"ವೈನಿ," ಎಂದು ಅವನು ಅಡುಗೆಮನೆಯ ಕಡೆ ತಿರುಗಿ ಕೂಗಿದ, "ಚಾ ಜರಾ ಜಾಸ್ತಿ ಇಡ್ರಿ. ಮಾಸ್ತರ ಜೋಡಿ ಇವತ್ತ ಸ್ವಲ್ಪ ಹೊತ್ತ ಕೂಡೂದೈತಿ."