ವಿಕಲಚೇತನರ ಮಾಸಾಶನ: ಅರ್ಜಿ ತಿರಸ್ಕೃತವಾದಲ್ಲಿ ಉಚಿತ ಕಾನೂನು ನೆರವು ಪಡೆಯುವ ವಿಧಾನ
(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

ವಿಕಲಚೇತನರ ಮಾಸಾಶನದ ಅರ್ಜಿಯು ತಿರಸ್ಕೃತವಾದಾಗ ಅಥವಾ ಮಂಜೂರಾದ ಮಾಸಾಶನವು ಸ್ಥಗಿತಗೊಂಡಾಗ, ವಕೀಲರ ಶುಲ್ಕ ಭರಿಸಲಾಗದೆಂಬ ಕಾರಣಕ್ಕೆ ಯಾರೂ ತಮ್ಮ ಹಕ್ಕನ್ನು ಕೈಬಿಡಬೇಕಾಗಿಲ್ಲ. ಇಂತಹ ಸಂದರ್ಭಗಳಿಗಾಗಿ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಲ್ಲಿ ಉಚಿತ ನೆರವನ್ನು ಕಲ್ಪಿಸಲಾಗಿದೆ. ಸದರಿ ಅಧಿನಿಯಮವು 1995ರ ನವೆಂಬರ್ 9ರಿಂದ ಜಾರಿಯಲ್ಲಿರುತ್ತದೆ.

ಅರ್ಹತೆ

ಅಧಿನಿಯಮದ 12ನೇ ಪ್ರಕರಣದನ್ವಯ ವಿಕಲಚೇತನ ವ್ಯಕ್ತಿಗಳು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಿರುತ್ತಾರೆ. ಮಹಿಳೆಯರು, ಮಕ್ಕಳು ಹಾಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೂ ಇದು ಅನ್ವಯಿಸುತ್ತದೆ. ಕೋರಿಕೆಯಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಾಕು.

ಮೊದಲು ಮಾಡಬೇಕಾದುದು

ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣಸಹಿತವಾದ ಹಿಂಬರಹವನ್ನು ಲಿಖಿತವಾಗಿ ಪಡೆಯತಕ್ಕದ್ದು. "ಆಗುವುದಿಲ್ಲ" ಎಂಬ ಬಾಯಿಮಾತಿನ ವಿರುದ್ಧ ಮೇಲ್ಮನವಿ ಸಲ್ಲಿಸುವುದು ಕಷ್ಟಸಾಧ್ಯ. ಮುಂದೆ ಯಾವ ಕಛೇರಿಗೆ ಹೋಗಬೇಕೆಂಬುದು ಹಿಂಬರಹದಲ್ಲಿರುವ ಕಾರಣವನ್ನೇ ಅವಲಂಬಿಸಿರುತ್ತದೆ.

ಕಾರಣ ಮತ್ತು ಪರಿಹಾರ

1. ವೈಕಲ್ಯದ ಪ್ರಮಾಣ ಕಡಿಮೆಯೆಂದಾದಲ್ಲಿ: ಶೇಕಡಾ ಪ್ರಮಾಣವನ್ನು ನಿಗದಿಪಡಿಸುವವರು ವೈದ್ಯಕೀಯ ಪ್ರಾಧಿಕಾರದವರೇ ಹೊರತು ಕಂದಾಯ ಅಧಿಕಾರಿಗಳಲ್ಲ. ಆದುದರಿಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 59ನೇ ಪ್ರಕರಣದಡಿ, ಪ್ರಮಾಣಪತ್ರದ ವಿರುದ್ಧ ಸರ್ಕಾರವು ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬೇಕು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಗೆ ಶೇ. 80ರಷ್ಟು ವೈಕಲ್ಯ ಅಗತ್ಯ. ರಾಜ್ಯದ ಮಾಸಾಶನಕ್ಕೆ ಶೇ. 40 ಸಾಕು. ಆದ್ದರಿಂದ ಶೇ. 80ಕ್ಕಿಂತ ಕಡಿಮೆಯೆಂಬ ಮಾತ್ರಕ್ಕೆ ರಾಜ್ಯದ ಮಾಸಾಶನವನ್ನು ನಿರಾಕರಿಸುವಂತಿಲ್ಲ.

2. ಆದಾಯ, ವಾಸಸ್ಥಳ ಮುಂತಾದ ಕಾರಣಗಳಾದಲ್ಲಿ: ತಹಶೀಲ್ದಾರರ ಆದೇಶದ ವಿರುದ್ಧ ಉಪವಿಭಾಗಾಧಿಕಾರಿಗಳಿಗೆ ದಾಖಲೆಗಳೊಂದಿಗೆ ಮೇಲ್ಮನವಿ ಸಲ್ಲಿಸಬಹುದು. ಮೂರೂ ತಾಲ್ಲೂಕುಗಳು ಮಂಡ್ಯ ಉಪವಿಭಾಗಕ್ಕೆ ಸೇರಿರುತ್ತವೆ.

3. ಅರ್ಜಿ ವಿಲೇವಾರಿಯಾಗದೆ ಉಳಿದಲ್ಲಿ: ನಾಡಕಛೇರಿಯ ಸ್ವೀಕೃತಿಯಲ್ಲಿರುವ ಸಕಾಲ ಸಂಖ್ಯೆಯನ್ನು ಕಾಪಾಡಿಕೊಳ್ಳಬೇಕು. ನಿಗದಿತ ಅವಧಿ ಮುಗಿದ 30 ದಿನಗಳೊಳಗಾಗಿ ಸಕಾಲ ಅಧಿನಿಯಮದಡಿ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ ರೂ. 20ರಂತೆ ಗರಿಷ್ಠ ರೂ. 500 ಪರಿಹಾರಧನ ಕೋರಲು ಅವಕಾಶವಿದೆ.

4. ಮಾಸಾಶನ ಸ್ಥಗಿತಗೊಂಡಲ್ಲಿ: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ಅನಂತರ ಸ್ಥಗಿತದ ಕಾರಣ ಹಾಗೂ ಬಾಕಿ ಮೊತ್ತವನ್ನು ಕೋರಿ ತಹಶೀಲ್ದಾರರಿಗೆ ಲಿಖಿತ ಮನವಿ ನೀಡಿ ಸ್ವೀಕೃತಿ ಪಡೆಯತಕ್ಕದ್ದು.

ಯಾರನ್ನು ಸಂಪರ್ಕಿಸಬೇಕು?

ಮಂಡ್ಯದಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು, ಮದ್ದೂರು ಮತ್ತು ಮಳವಳ್ಳಿಯಲ್ಲಿ ಆಯಾ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸಬಹುದು. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದ ಅರ್ಜಿ ಸಾಕು. ಬರೆಯಲು ಬಾರದವರು ಬಾಯಿಮಾತಿನಲ್ಲಿ ತಿಳಿಸಿದರೆ ಅಲ್ಲಿಯೇ ಬರೆದುಕೊಳ್ಳಲಾಗುತ್ತದೆ. ಪ್ರಯಾಣ ಸಾಧ್ಯವಿಲ್ಲದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಹಾಯ ಪಡೆಯಬಹುದು. ಇಲ್ಲವೆ 15100 ಸಹಾಯವಾಣಿಗೆ ಕರೆ ಮಾಡಬಹುದು.

ಲಗತ್ತಿಸಬೇಕಾದ ದಾಖಲೆಗಳು

• ವೈಕಲ್ಯ ಪ್ರಮಾಣಪತ್ರ ಅಥವಾ ವಿಶಿಷ್ಟ ಗುರುತಿನ ಚೀಟಿಯ ಪ್ರತಿ
• ಹಿಂಬರಹ ಅಥವಾ ಅರ್ಜಿಯ ಸ್ವೀಕೃತಿ
• ಆಧಾರ್, ಪಡಿತರ ಚೀಟಿ ಮತ್ತು ಆದಾಯ ಪ್ರಮಾಣಪತ್ರದ ಪ್ರತಿಗಳು
• ಮಾಸಾಶನ ನಿಂತಿದ್ದಲ್ಲಿ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ

ದೊರೆಯುವ ನೆರವು

ಕಾನೂನು ಸಲಹೆ, ಮೇಲ್ಮನವಿಯ ಕರಡು ತಯಾರಿಕೆ ಹಾಗೂ ಪ್ಯಾನೆಲ್ ವಕೀಲರ ನೇಮಕ ಇವುಗಳಲ್ಲಿ ಸೇರಿರುತ್ತವೆ. ನ್ಯಾಯಾಲಯ ಶುಲ್ಕ, ಬೆರಳಚ್ಚು ಮತ್ತು ದಾಖಲೆ ಪ್ರತಿಗಳ ವೆಚ್ಚವನ್ನೂ ಭರಿಸಲಾಗುತ್ತದೆ. ನ್ಯಾಯಾಲಯವಲ್ಲದೆ ಇತರ ಪ್ರಾಧಿಕಾರಗಳ ಮುಂದಿನ ನಡಾವಳಿಗಳಿಗೂ ಈ ನೆರವು ಲಭ್ಯ. ರಿಟ್ ಅರ್ಜಿ ಅಗತ್ಯವಾದಲ್ಲಿ ಬೆಂಗಳೂರಿನ ಉಚ್ಚ ನ್ಯಾಯಾಲಯ ಕಾನೂನು ಸೇವೆಗಳ ಸಮಿತಿಯ ಮೂಲಕ ವಕೀಲರನ್ನು ಪಡೆಯಬಹುದು.

ವಿಶೇಷ ಸೂಚನೆ

ಬುದ್ಧಿಮಾಂದ್ಯ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರ ಪರವಾಗಿ ವ್ಯವಹರಿಸಲು ಪೋಷಕರ ನೇಮಕ ಅಗತ್ಯವಾದಲ್ಲಿ, ರಾಷ್ಟ್ರೀಯ ನ್ಯಾಸ ಅಧಿನಿಯಮ, 1999ರನ್ವಯ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು.

ನೇಮಕಗೊಂಡ ಪ್ಯಾನೆಲ್ ವಕೀಲರಿಗೆ ಅರ್ಜಿದಾರರು ಯಾವುದೇ ಶುಲ್ಕ ನೀಡತಕ್ಕದ್ದಲ್ಲ. ಹಣ ಕೇಳಿದಲ್ಲಿ ಪ್ರಾಧಿಕಾರದ ಕಾರ್ಯದರ್ಶಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.