ಕುರಿ ನಾಯಿಗೆ ಹೆಸರಿಡೋದು: ವೈಜಾಗ್, ವಿಜಯವಾಡದ ನಮ್ಮೋರಿಗೆ

ಮಧುರವಾಡದಿಂದ, ಗನ್ನವರಂ ಕಡೆಯಿಂದ ನಮ್ಮೋರು ಆಗಾಗ ಕೇಳೋ ಪ್ರಶ್ನೆ ಇದು: "ಜರ್ಮನ್ ಶೆಫರ್ಡ್ ಮರಿ ತಂದಿದ್ದೀವಿ, ಏನ್ ಹೆಸರಿಡೋಣ?" ಬರೀ ಪಟ್ಟಿ ಬೇಕಂದ್ರೆ ಗೂಗಲ್‌ನಲ್ಲಿ ಸಾವಿರ ಹೆಸರು ಸಿಗುತ್ತೆ. ಆದ್ರೆ ಈ ನಾಯಿ ವಿಷಯದಲ್ಲಿ ಹೆಸರು ಒಂದು ಸಲಕರಣೆ. ಯಾಕೆ ಅಂತ ಗೊತ್ತಾದ್ರೆ ಆಯ್ಕೆ ತಾನಾಗೇ ಸುಲಭ ಆಗುತ್ತೆ.

ನಾವೆಲ್ಲ ಇದನ್ನ ಪೊಲೀಸ್ ನಾಯಿ ಅಂತಲೇ ನೋಡಿ ಬೆಳೆದೋರು. ಮೂಲದಲ್ಲಿ ಇದು ಕುರುಬರ ನಾಯಿ, ಹೆಸರಲ್ಲೇ ಇದೆ. ಜರ್ಮನಿಯಲ್ಲಿ ಕುರಿ ಮೇಯೋ ಜಾಗಕ್ಕೂ ಪಕ್ಕದ ಬೆಳೆಗೂ ನಡುವೆ ಬೇಲಿ ಇರ್ತಿರಲಿಲ್ಲ. ಆ ಗಡಿಯ ಉದ್ದಕ್ಕೂ ದಿನವಿಡೀ ಹಿಂದಕ್ಕೂ ಮುಂದಕ್ಕೂ ಓಡಾಡೋದೇ ಇದರ ಕೆಲಸ. ಅಂದ್ರೆ ಇದು ಓಡಾಡೋ ಬೇಲಿ. ನಮ್ಮ ಕಡೆ ಕುರಿಗಾಹಿಗಳ ನಾಯಿ ಹೆಚ್ಚಾಗಿ ತೋಳ ಬರದ ಹಾಗೆ ಕಾಯುತ್ತೆ. ಮಂದೆ ತಿರುಗಿಸೋದು ಕುರುಬನ ಕೂಗು, ಕೋಲು. ಅಲ್ಲಿ ತಿರುಗಿಸೋದೂ ನಾಯಿಯೇ.

ಈಗ ಆ ಬೇಲಿಯನ್ನ ತಂದು ಎರಡು ಬೆಡ್‌ರೂಮಿನ ಫ್ಲಾಟಲ್ಲಿ ಇಟ್ಟಿದ್ದೀವಿ. ನಮ್ಮನೆ ಕೆಂಚ ಬಾಲ್ಕನಿಯಿಂದ ಬಾಗಿಲು, ಬಾಗಿಲಿಂದ ಅಡುಗೆಮನೆ ಅಂತ ಗಸ್ತು ಹೊಡೀತಾನೆ. ಪಾರ್ಕಿಂಗಲ್ಲಿ ಮಕ್ಕಳು ಚದುರಿ ಓಡಿದ್ರೆ ಸುತ್ತು ಹಾಕಿ ಒಟ್ಟು ಮಾಡೋಕೆ ಹೋಗ್ತಾನೆ. ಹಿಮ್ಮಡಿಗೆ ಬಾಯಿ ಹಾಕೋದು, ಡೆಲಿವರಿ ಸ್ಕೂಟರ್ ಹಿಂದೆ ಬೀಳೋದು ಎಲ್ಲ ಅದೇ ಕೆಲಸದ ತುಣುಕುಗಳು. ಬೇಟೆಯಲ್ಲಿ ದಿಟ್ಟಿಸೋದು, ಹೊಂಚೋದು, ಅಟ್ಟೋದು, ಹಿಡಿಯೋದು, ಕೊಲ್ಲೋದು ಅಂತ ಮೆಟ್ಟಿಲುಗಳಿವೆಯಲ್ಲ, ಅದರಲ್ಲಿ ಮೊದಲ ಮೆಟ್ಟಿಲುಗಳನ್ನ ಉಳಿಸಿ, ಕೊನೆಯದನ್ನ ತಗ್ಗಿಸಿ, ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿ ಇದು. ಬಾರ್ಡರ್ ಕೋಲಿಯಲ್ಲಿ ಆ ದಿಟ್ಟಿಸೋ ಕಣ್ಣು ಇನ್ನೂ ಜೋರು. ಗದರಿಸಿದ್ರೆ ಈ ಗುಣ ಹೋಗಲ್ಲ. ಆದ್ರೆ ಕುರುಬನಿಂದ ದೂರ ನಿಂತು, ಅವನ ದನಿಗೆ ಕಿವಿಗೊಟ್ಟು ಕೆಲಸ ಮಾಡೋದೂ ಈ ತಳಿಯಲ್ಲೇ ಇದೆ. ನಮಗೆ ಸಿಕ್ಕಿರೋ ಹಿಡಿ ಅದೊಂದೇ: ದೂರದಿಂದ ಕರೆದ್ರೆ ತಿರುಗೋದು.

ಹಾಗಾಗಿ ಹೆಸರು ಎರಡಕ್ಷರ ಇರಲಿ, ಶುರುವಲ್ಲಿ ಗಟ್ಟಿ ವ್ಯಂಜನ ಇರಲಿ, ಕೊನೆಯಲ್ಲಿ ಎಳೆದು ಕೂಗೋಕೆ ಸ್ವರ ಇರಲಿ. ಕನ್ನಡದಲ್ಲಿ ಇದು ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕೇಳಿರ್ತೀರಿ, ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ, ರಾಷ್ಟ್ರಕೂಟ ಮೂರನೇ ಕೃಷ್ಣನ ಹತ್ರ ಬಹುಮಾನವಾಗಿ ಕೇಳಿದ್ದು ಒಂದು ನಾಯಿಯನ್ನ. ಅದರ ಹೆಸರು ಕಾಳಿ. ಹಂದಿ ಜೊತೆ ಹೋರಾಡಿ ಹಂದಿಯೂ ಸತ್ತು ತಾನೂ ಸತ್ತ ಆ ನಾಯಿಗೆ ಕಲ್ಲು ನಿಲ್ಲಿಸಿದ್ರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದು ಬೇಟೆ ನಾಯಿ, ಕುರಿ ನಾಯಿಯಲ್ಲ. ಆದ್ರೂ ಸಾವಿರ ವರ್ಷದ ಹಿಂದೆಯೇ ಎರಡಕ್ಷರ ನೋಡಿ!

ನಂಗೂ ಕಾಳಿ ಅಂತಿಡೋ ಆಸೆ ಇತ್ತು. ಆದ್ರೆ ಕನಕದುರ್ಗಮ್ಮನ ಊರಲ್ಲಿ ಬೀದೀಲಿ ನಿಂತು ನಾಯಿಯನ್ನ ಕಾಳೀ ಅಂತ ಕೂಗೋದು ಸರಿ ಅನ್ನಿಸಲಿಲ್ಲ. ಇಲ್ಲಿ ಇನ್ನೂ ಕೆಲವು ಹೆಸರು ಬೇಡ. ರಾಜು ಬೇಡವೇ ಬೇಡ: ಪಕ್ಕದ ಫ್ಲಾಟಲ್ಲಿ ಒಬ್ಬರು ರಾಜುಗಾರು ಇದ್ದೇ ಇರ್ತಾರೆ. ಬುಜ್ಜಿ, ಚಿನ್ನ, ಪಂಡು ಅಂತ ಕೂಗಿದ್ರೆ ಅಪಾರ್ಟ್‌ಮೆಂಟಿನ ಅರ್ಧ ಮಕ್ಕಳು ತಿರುಗಿ ನೋಡ್ತಾರೆ. ರಾಜ, ರಾಣಿ ಕೂಡ ಕಷ್ಟ, ಯಾಕಂದ್ರೆ ತೆಲುಗಲ್ಲಿ "ರಾ" ಅಂದ್ರೆ ಬಾ. ನಾಯಿಗೆ ಹೆಸರೂ ಕರೆಯೂ ಒಂದೇ ಥರ ಕೇಳ್ಸುತ್ತೆ. ನಮ್ಮನೆಯವನ ಬಣ್ಣ ಕೆಂಚು, ಊರ ಕಡೆಯ ಹಳೇ ಹೆಸರು ಕೆಂಚ. ಅಷ್ಟೇ, ಮುಗೀತು. ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟಲ್ಲಿ ತಳಿಗಾರರ ಕೆನಲ್ ಹೆಸರು ಸೇರಿಸಿಕೊಂಡು ಅವನಿಗೊಂದು ಉದ್ದ ಇಂಗ್ಲಿಷ್ ಹೆಸರಿದೆ. ಅದು ಆಧಾರ್ ಕಾರ್ಡ್ ಹೆಸರಿದ್ದ ಹಾಗೆ, ಫೈಲಲ್ಲಿರಲಿ.

"ಮನೇಲಿ ಕನ್ನಡ, ವಾಚ್‌ಮನ್ ತೆಲುಗು, ಟ್ರೇನರ್ ಇಂಗ್ಲಿಷ್, ನಾಯಿಗೆ ಗೊಂದಲ ಆಗಲ್ವಾ?" ಅಂತ ಕೇಳ್ತೀರಿ. ಬುಡಾಪೆಸ್ಟಿನ ಒಂದು ಸಂಶೋಧನೆ ಹೇಳ್ತೀನಿ. ಲಾರಾ ಕುವಾಯಾ ಅನ್ನೋ ವಿಜ್ಞಾನಿ ಮೆಕ್ಸಿಕೋದಿಂದ ಹಂಗೇರಿಗೆ ಕೆಲಸಕ್ಕೆ ಹೋದಾಗ ತಮ್ಮ ನಾಯಿ ಕುನ್-ಕುನ್‌ನನ್ನೂ ಕರ್ಕೊಂಡು ಹೋದ್ರು. ನಮ್ಮ ಹಾಗೇ ವಲಸೆ. ಊರವರ ಮಾತು ಬೇರೆ ಅಂತ ಇವನಿಗೆ ಗೊತ್ತಾಗುತ್ತಾ ಅನ್ನೋ ಪ್ರಶ್ನೆ ಹಿಡಿದು 18 ನಾಯಿಗಳನ್ನ ಸ್ಕ್ಯಾನರ್‌ನಲ್ಲಿ ಮಲಗಿಸಿ ಸ್ಪ್ಯಾನಿಷ್, ಹಂಗೇರಿಯನ್ ಎರಡನ್ನೂ ಕೇಳಿಸಿದ್ರು. ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ಮೆದುಳಿನ ಪ್ರತಿಕ್ರಿಯೆ ಬೇರೆ ಬೇರೆ ಇತ್ತು. ಅಮೆರಿಕದಲ್ಲಿ ಜಾನ್ ಪಿಲ್ಲಿ ಅನ್ನೋ ನಿವೃತ್ತ ಪ್ರೊಫೆಸರ್ ತಮ್ಮ ಬಾರ್ಡರ್ ಕೋಲಿ ಚೇಸರ್‌ಗೆ 1022 ಆಟಿಕೆಗಳ ಹೆಸರು ಕಲಿಸಿದ್ರು. ಅಂದ್ರೆ ಪದಗಳು ಜಾಸ್ತಿ ಆದ್ರೆ ತೊಂದರೆ ಇಲ್ಲ. ಒಂದೇ ಪದಕ್ಕೆ ಎರಡು ಅರ್ಥ ಬಂದ್ರೆ ತೊಂದರೆ. ತೆಲುಗಲ್ಲಿ "ಆಗು" ಅಂದ್ರೆ ನಿಲ್ಲು. ನಾವು ಮನೇಲಿ "ಬೇಗ ರೆಡಿ ಆಗು" ಅಂತ ದಿನಕ್ಕೆ ಹತ್ತು ಸಲ ಅಂತೀವಿ. ಹಾಗಾಗಿ ಕೆಂಚನಿಗೆ "ನಿಲ್ಲು" ಮಾತ್ರ. ವಾಚ್‌ಮನ್‌ಗೂ ಅದನ್ನೇ ಕಲಿಸಿದ್ದೀವಿ. "ಕೂತ್ಕೋ"ಗೆ ಮಾತ್ರ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅವರ "ಕೂರ್ಚೋ" ಹತ್ತಿರವೇ ಇದೆ.

ಕಲಿಸೋದು ಹೀಗೆ: ಹೆಸರು ಒಂದೇ ಸಲ ಹೇಳಿ, ತಿರುಗಿದ ಕ್ಷಣ ಬಾಯಿಗೆ ಏನಾದ್ರೂ ಕೊಡಿ. ಮೊದಲು ಮನೆಯೊಳಗೆ, ಆಮೇಲೆ ಟೆರೇಸು, ಆಮೇಲೆ ಉದ್ದ ಹಗ್ಗ ಕಟ್ಟಿ ಮೈದಾನ. ಬೈಯೋಕೆ, ಸ್ನಾನಕ್ಕೆ, ಇಂಜೆಕ್ಷನ್‌ಗೆ ಹೆಸರು ಬಳಸಬೇಡಿ. "ಕೆಂಚಾ ಕೆಂಚಾ ಕೆಂಚಾ" ಅಂತ ಜಪ ಮಾಡಿದ್ರೆ ಅದು ಫ್ಯಾನ್ ಸದ್ದಾಗಿಬಿಡುತ್ತೆ.

ವೈಜಾಗಿಂದ ವಿಜಯವಾಡಕ್ಕೆ ಬಂದ ಮೇಲೆ ಇದರ ಬೆಲೆ ಇನ್ನೂ ಗೊತ್ತಾಯ್ತು. ಬ್ಲೇಜ್‌ವಾಡ ಅಂತ ಸುಮ್ನೆ ಕರೀತಾರಾ? ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟೋದುಂಟು. ವೈಜಾಗಲ್ಲಿ ಅಷ್ಟು ಬಿಸಿಲಿಲ್ಲ, ಆದ್ರೆ ಗಾಳೀಲಿ ತೇವ. ನಾಯಿ ತೇಕಿ ತೇಕಿ ಮೈ ತಂಪು ಮಾಡ್ಕೊಳ್ಳೋದು, ತೇವ ಜಾಸ್ತಿ ಇದ್ರೆ ಅದು ಕೆಲಸ ಮಾಡಲ್ಲ. ಕೆಲಸಕ್ಕೆ ಹುಟ್ಟಿದ ನಾಯಿ ಸುಸ್ತಾಯ್ತು ಅಂತ ತಾನಾಗಿ ನಿಲ್ಲಲ್ಲ, ಬಾಲ್ ಎಸೆದಷ್ಟೂ ಓಡುತ್ತೆ. ನೀವೇ ಕರೆದು ನಿಲ್ಲಿಸಬೇಕು. ವಾಕಿಂಗ್ ಬೆಳಗ್ಗೆ ಆರರ ಒಳಗೆ, ರಾತ್ರಿ ಎಂಟರ ಮೇಲೆ. ಕೂದಲು ಬೋಳಿಸಬೇಡಿ, ಆ ಎರಡು ಪದರ ಬಿಸಿಲನ್ನೂ ತಡೆಯುತ್ತೆ, ದಿನಾ ಬಾಚಿ. ನಾಲಿಗೆ ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ಕಾಲು ತೂರಾಡಿದ್ರೆ ಮೊದಲು ಮೈಮೇಲೆ ನೀರು ಹುಯ್ದು ಗಾಳಿ ಹಾಕಿ, ಆಮೇಲೆ ಡಾಕ್ಟರ್ ಹತ್ರ ಓಡಿ. ಉಣುಗಿಗೆ ಅಂತ ಯಾರೋ ಹೇಳಿದ ಐವರ್ಮೆಕ್ಟಿನ್ ಚುಚ್ಚಿಸಬೇಡಿ. ಕೋಲಿಗಳಲ್ಲಿ ಹೆಚ್ಚಾಗಿ, ಕೆಲವು ಜರ್ಮನ್ ಶೆಫರ್ಡ್‌ಗಳಲ್ಲೂ ಇರೋ ಒಂದು ಜೀನ್ ದೋಷದಿಂದ ಅದು ಮೆದುಳಿಗೆ ವಿಷ ಆಗಬಹುದು.

ಇನ್ನು ಟ್ರಾನ್ಸ್‌ಫರ್ ವಿಷಯ. ಬೆಂಗಳೂರಿಗೆ ವಾಪಸ್ ಹೋಗೋವಾಗ ನಾಯಿಯನ್ನ ಇಲ್ಲೇ ಬಿಟ್ಟು ಹೋದೋರನ್ನ ನೋಡಿದ್ದೀನಿ. ರೈಲಲ್ಲಿ ಫಸ್ಟ್ ಎಸಿ ಕೂಪೆ ಪೂರ್ತಿ ಬುಕ್ ಮಾಡಿದ್ರೆ ನಾಯಿ ಜೊತೆಗೇ ಬರಬಹುದು, ಇಲ್ಲಾಂದ್ರೆ ಬ್ರೇಕ್ ವ್ಯಾನಿನ ಪೆಟ್ಟಿಗೆ. ಕಾರಾದ್ರೆ ರಾತ್ರಿ ಹೊರಡಿ. ಹಾಗೆ ಬಿಟ್ಟು ಹೋದ ದೊಡ್ಡ ನಾಯಿಯನ್ನ ನೀವು ತಗೊಳ್ಳೋದಾದ್ರೆ ಹೆಸರು ಬದಲಿಸೋಕೆ ಹೆದರಬೇಡಿ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಕೊಂಡ ಹೆಕ್ಟರ್ ಅನ್ನೋ ಬೆಳೆದ ನಾಯಿಯೇ ಹೋರಾಂಡ್ ಅನ್ನೋ ಹೊಸ ಹೆಸರಲ್ಲಿ ಈ ತಳಿಯ ದಾಖಲೆಯ ಮೊದಲ ನಾಯಿ ಆಗಿದ್ದು. ಹೊಸ ಹೆಸರು ಮೊದಲು ಹೇಳಿ, ಹಿಂದೆಯೇ ಹಳೆಯದು ಹೇಳಿ, ತಿರುಗಿದ್ರೆ ತಿನ್ನೋಕೆ ಕೊಡಿ. ಕೆಲವು ದಿನ ಕಳೆದ ಮೇಲೆ ಹಳೆಯದನ್ನ ಹೇಳೋ ಮುಂಚೆಯೇ ತಿರುಗ್ತಾನೆ.